ಸಾವಿರದ ನಾನೂರನೇ ಒಂದು ಪಾಲು

ಮೂರು ವಾರ ಕಾದು ಮಾಡಿದ ಬಿಯರು ಸಿಂಕಿನ ತೂತಿನಲ್ಲಿ ಇಳಿದುಹೋಗಲು ಎಷ್ಟು ಹೊತ್ತು ಬೇಕು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆ ಹಿಡಿದವನೂ ಅವನೇ. ಹೆಡ್ಲಿ ಆಸ್ಕ್ವಿತ್ ಒಂದೊಂದೇ ಬಾಟಲಿಯ ಕುತ್ತಿಗೆ ಹಿಡಿದು ಬಗ್ಗಿಸುತ್ತಿದ್ದ. ನೊರೆ ಉಕ್ಕಿ ಸಿಂಕಿನ ಅಂಚಿನವರೆಗೆ ಬಂದಾಗ ಕೈಯಿಂದ ಬಳಿದು ಒಳಕ್ಕೆ ತಳ್ಳುತ್ತಿದ್ದ. ಇದು ಮೂರನೇ ಸಲ.

ಹಿತ್ತಿಲ ಬಾಗಿಲು ತೆರೆದು ಅವನ ಹೆಂಡತಿ ನೊರೀನ್ ಒಳಗೆ ಬಂದಳು. ಪಾರ್ಸಲ್ ಡಿಪೋದ ಹಳದಿ ಜಾಕೆಟ್ಟು ಇನ್ನೂ ಮೈಮೇಲಿತ್ತು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಸೊಂಟದ ಮೇಲೆ. ಬೆಳಗಾಗುವ ಮೊದಲೇ ಹೋಗಿ ಹತ್ತು ಗಂಟೆಯ ಹೊತ್ತಿಗೆ ಹೀಗೆ ವಾಲಿಕೊಂಡು ಬರುವುದು ಅವಳಿಗೆ ರೂಢಿಯಾಗಿತ್ತು.

"ಮತ್ತೆ ಚೆಲ್ತಾ ಇದ್ದೀಯಾ?"

"ಹೂಂ."

"ಈ ಸಲ ಏನಂತೆ ಅದಕ್ಕೆ ರೋಗ?"

"ನೀನೇ ನೋಡು."

ಅವಳು ನಿಂತಲ್ಲಿಂದಲೇ ಬಾಟಲಿ ಈಸಿಕೊಂಡು ಒಂದು ಗುಟುಕು ಕುಡಿದು, ಬಾಯಿ ಸಪ್ಪರಿಸಿ, ಬಾಟಲಿಯನ್ನು ಅವನ ಕೈಗೇ ವಾಪಸು ಕೊಟ್ಟಳು. "ಹುಲ್ಲು ನೆನೆಸಿಟ್ಟ ನೀರು. ಆದ್ರೂ ಚೆಲ್ಲೋ ಅಂಥದ್ದೇನಲ್ಲ ಮಾರಾಯ. ಪಕ್ಕದ್ಮನೆಯವನಿಗೆ ಕೊಟ್ಟಿದ್ರೆ ಎರಡು ಕೈಲೂ ಈಸ್ಕೊಳ್ತಿದ್ದ."

"ಕುಡೀಬಹುದು. ಆದ್ರೆ ಇದು ಸ್ಕೆಲ್‌ಬ್ರೂಕ್ ಅಲ್ಲ."

"ಅಲ್ಲ," ಎಂದು ನೊರೀನ್ ಒಪ್ಪಿಕೊಂಡಳು. ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚಲು ಬಗ್ಗಿದವಳು ಅರ್ಧಕ್ಕೇ ನಿಂತು, ಬೇಡವೆಂದು ಮತ್ತೆ ಹಿಂದಕ್ಕೊರಗಿದಳು.

ಸ್ಕೆಲ್‌ಬ್ರೂಕ್ ಎಂದರೆ ಈ ಊರಿನ ಬಿಯರು. ನದಿಯ ಪಕ್ಕದ ಕಾರ್ಖಾನೆಯಲ್ಲಿ ಅದನ್ನು ಕುದಿಸುತ್ತಿದ್ದ ತಾಮ್ರದ ಹಂಡೆಯ ಮುಂದೆ ಹೆಡ್ಲಿ ಇಪ್ಪತ್ತನೇ ವಯಸ್ಸಿನಿಂದ ನಿಂತವನು. ಕಾರ್ಖಾನೆ ಮುಚ್ಚಿ ಎಂಟು ವರ್ಷವಾಯಿತು. ಹೆಸರನ್ನು ಯಾರೋ ದೊಡ್ಡವರು ಕೊಂಡುಕೊಂಡು ಎಲ್ಲೋ ದೂರದಲ್ಲಿ ಮಾಡಿ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಊರಿನವರು ಅದನ್ನು ಒಂದು ಸಲ ಕುಡಿದು ನೋಡಿ, ಡಬ್ಬಿಯ ಮೇಲಿನ ಚಿತ್ರ ಮಾತ್ರ ಚೆನ್ನಾಗಿದೆ ಎಂದು ಹೇಳಿ ಸುಮ್ಮನಾದರು.

ಈಗ ಲೀಡ್ಸ್ ಕಡೆಯಿಂದ ಗ್ಯಾರೆತ್ ಲೋಮ್ಯಾಕ್ಸ್ ಎಂಬ ನಡುವಯಸ್ಕ ಬಂದು, ರೈಲು ನಿಲ್ದಾಣದ ಹಿಂದಿನ ಹಳೇ ಕುದುರೆಲಾಯ ಕೊಂಡು, ಅದರೊಳಗೆ ಹೊಳೆಯುವ ಸ್ಟೀಲಿನ ಹಂಡೆಗಳನ್ನು ಕೂರಿಸಿದ್ದ. ಊರಿನ ಹಳೇ ರುಚಿಯನ್ನು ಊರಿಗೇ ಮರಳಿ ಕೊಡುತ್ತೇನೆ ಎನ್ನುತ್ತಿದ್ದ. ಹೆಡ್ಲಿಗೆ ಪಬ್ಬಿನಲ್ಲಿ ಸಿಕ್ಕಾಗ ಮಾತು ಸೀದಾ ಹೇಳಿದ್ದ: "ನಿಮ್ಮ ಕೈಯಾರೆ ಮನೇಲಿ ಮಾಡಿದ ಒಂದು ಬಾಟ್ಲಿ ತಂದ್ಕೊಡಿ. ಅದೇ ರುಚಿ ಇದ್ರೆ ಕೆಲಸ ನಿಮ್ದು. ಇಲ್ಲ ಅಂದ್ರೆ ಶೆಫೀಲ್ಡಿನ ಒಬ್ಬ ಹುಡುಗ ಇದಾನೆ, ಓದ್ಕೊಂಡಿರೋನು, ಅವನ್ನ ತಗೋತೀನಿ. ತಪ್ಪು ತಿಳ್ಕೋಬೇಡಿ." ಮೇ ತಿಂಗಳ ಕೊನೆಯ ರಜೆಗೆ ಅವನು ಬಾಗಿಲು ತೆರೆಯುವವನಿದ್ದ.

ಹೆಡ್ಲಿಗೆ ಈ ಕೆಲಸ ಬೇಕಿದ್ದದ್ದು ಹಳೇ ರುಚಿಯ ಮೇಲಿನ ಮೋಹಕ್ಕಲ್ಲ. ನೊರೀನಳ ಸೊಂಟದ ಕೀಲು ಸವೆದಿತ್ತು. ಭಾರ ಎತ್ತುವ ಕೆಲಸ ಬಿಡಬೇಕೆಂದು ಡಾಕ್ಟರು ಹೇಳಿ ವರ್ಷ ಕಳೆದಿತ್ತು. ಬಿಡಬೇಕೆಂದರೆ ಮನೆಗೆ ಇನ್ನೊಂದು ಸಂಬಳ ಬರಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಹೆಡ್ಲಿಗೆ ಸಿಕ್ಕಿದ್ದು ಅಲ್ಲಿ ಇಲ್ಲಿ ಕಾವಲು ಕೆಲಸ, ಅದೂ ನಿಂತುನಿಂತು ಹೋಗಿತ್ತು. ಅರವತ್ತೊಂದರವನನ್ನು ಹಂಡೆಯ ಮುಂದೆ ನಿಲ್ಲಿಸಿಕೊಳ್ಳುತ್ತೇನೆ ಎನ್ನುವ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಪಾಕವೇನು ಅವನಿಗೆ ಮರೆತಿರಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ: ಎಷ್ಟು ಮೊಳಕೆ ಬಾರ್ಲಿ, ಎಷ್ಟು ನೀರು, ಕಹಿಗೆ ಹಾಕುವ ಹಾಪ್ ಹೂವು ಮೊದಲಿಗೆ ಎಷ್ಟು, ಪರಿಮಳಕ್ಕೆಂದು ಕೊನೆಗೆ ಎಷ್ಟು. ಕಷ್ಟ ಇದ್ದದ್ದು ಅಳತೆಯಲ್ಲಿ. ಆ ಹಂಡೆಯೊಳಗೆ ಇಡೀ ಊರು ಒಂದು ವಾರ ಕುಡಿಯುವಷ್ಟು ಬಿಯರು ಹಿಡಿಯುತ್ತಿತ್ತು. ಈ ಅಡುಗೆಮನೆಯ ಪಾತ್ರೆಯಲ್ಲಿ ಹಿಡಿಯುವುದು ಒಂದು ಬಕೆಟ್ಟಿನಷ್ಟು. ಹೆಡ್ಲಿ ಕೂತು ಲೆಕ್ಕ ಹಾಕಿದ. ಎಲ್ಲವನ್ನೂ ಸಾವಿರದ ನಾನೂರರಿಂದ ಭಾಗಿಸಬೇಕು. ಭಾಗಿಸಿದ. ಬಾರ್ಲಿ ತಕ್ಕಡಿಗೆ ಸರಿಯಾಗಿ ಬಂತು, ಹೂವು ಒಂದು ಹಿಡಿ ಬಂತು. ಇಷ್ಟೇ ತಾನೇ ಎಂದುಕೊಂಡ.

ಮೊದಲ ಸಲ ಅಗಲ ಬಾಯಿಯ ಪಾತ್ರೆಯಿಂದ ಆವಿ ಹಾರಿಹಾರಿ ಅರ್ಧದಷ್ಟೇ ಉಳಿಯಿತು. ಉಳಿದದ್ದು ಕಾಕಂಬಿಯಂತೆ ಕಪ್ಪಗೆ ಸಿಹಿಯಾಗಿತ್ತು. ಎರಡನೇ ಸಲ ನೀರು ಹೆಚ್ಚು ಹಾಕಿದ. ಆಗ ಹುದುಗಲೆಂದು ಒಲೆಯ ಪಕ್ಕದಲ್ಲಿಟ್ಟ ಬಕೆಟ್ಟು ಬೆಚ್ಚಗಾಗಿ ಯೀಸ್ಟು ಕುಣಿದಾಡಿ, ಬಿಯರಿಗೆ ಕಳಿತ ಬಾಳೆಹಣ್ಣಿನ ವಾಸನೆ ಬಂತು. ಮೂರನೇ ಸಲ ಬಕೆಟ್ಟನ್ನು ತಣ್ಣಗಿನ ಮೆಟ್ಟಿಲ ಕೆಳಗಿಟ್ಟ. ಬಣ್ಣ ಸರಿ, ತಿಳಿ ಸರಿ, ನೊರೆ ಸರಿ. ಕುಡಿದರೆ ನಾಲಿಗೆಯ ಮೇಲೆ ಏನೂ ಇಲ್ಲ. ಸ್ಕೆಲ್‌ಬ್ರೂಕ್ ಕುಡಿದವನಿಗೆ ಗುಟುಕು ಇಳಿದ ಮೇಲೆ ಗಂಟಲ ಹಿಂದೆ ಒಂದು ಕಹಿ ನಿಧಾನಕ್ಕೆ ಎದ್ದು ಬರುತ್ತಿತ್ತು. ಇನ್ನೊಂದು ಗುಟುಕು ಕುಡಿಸುತ್ತಿದ್ದದ್ದೇ ಅದು. ಅದು ಬರಲಿಲ್ಲ.

"ಪಾತ್ರೆದೇ ತಪ್ಪು," ಎಂದ ಹೆಡ್ಲಿ, ಖಾಲಿ ಬಾಟಲಿಗಳನ್ನು ತೊಳೆಯುತ್ತ. "ಅಲ್ಲಿದ್ದದ್ದು ತಾಮ್ರ. ಇದು ಸ್ಟೀಲು."

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ."

"ನಗಬೇಡ ನೊರೀನ್. ನಿಜವಾಗ್ಲೂ ಹೇಳ್ತೀನಿ. ಆ ಬಿಯರ್ ಮಾಡ್ತಿದ್ದದ್ದು ನಾನಲ್ವೇನೋ. ಆ ಕಟ್ಟಡ, ಆ ಹಂಡೆ, ಅವೇ ಮಾಡ್ಕೊಳ್ತಿದ್ವೇನೋ. ನಾನು ನಲ್ಲಿ ತಿರುಗಿಸ್ತಿದ್ದೆ ಅಷ್ಟೆ."

ನೊರೀನ್ ನಗಲಿಲ್ಲ. ಸಮಾಧಾನದ ಮಾತು ಹುಡುಕುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ. "ಇನ್ನೊಂದು ಸಲ ಮಾಡೋಕೆ ದಿನ ಇದೆಯಾ?" ಎಂದು ಕೇಳಿದಳು.

"ಈ ಭಾನುವಾರ ಮಾಡಿದ್ರೆ ಉಂಟು. ಅದೇ ಕೊನೇದು."

"ಹಾಗಾದ್ರೆ ಮಾಡು. ಈಗ ಈ ಬೂಟು ಬಿಚ್ಚು."

ಭಾನುವಾರ ಅಡುಗೆಮನೆಯ ಕಿಟಕಿಗಳೆಲ್ಲ ಆವಿಗೆ ಮಬ್ಬಾಗಿದ್ದವು. ನೊರೀನ್ ಮೇಜಿನ ಮುಂದೆ ಕೂತು ಮಧ್ಯಾಹ್ನಕ್ಕೆ ಆಲೂಗಡ್ಡೆ ಹೆರೆಯುತ್ತಿದ್ದಳು. ಒಲೆಯ ಮೇಲೆ ಬಾರ್ಲಿಯ ರಸ ಕುದಿಯುತ್ತಿತ್ತು. ಹೆಡ್ಲಿ ಸಿಂಕಿನ ತುಂಬ ತಣ್ಣೀರು ಬಿಟ್ಟು, ಅದಕ್ಕೆ ಮಂಜುಗಡ್ಡೆ ಸುರಿದು, ಹೂವು ತುಂಬಿದ ಬಟ್ಟಲು ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ನಿಂತಿದ್ದ. ಹೊತ್ತಾಯಿತು. ಕೊನೆಯ ಹೂವು ಹಾಕಿದ. ಗ್ಯಾಸು ಆರಿಸಿದ. ಎರಡು ಬಟ್ಟೆ ತಗೊಂಡು ಪಾತ್ರೆಯ ಕಿವಿಗಳನ್ನು ಹಿಡಿದು ಎತ್ತಿದ.

"ಜಾಗ ಬಿಡು, ಜಾಗ ಬಿಡು! ಕಾಲು ತೆಗಿ!"

"ಏನಾಯ್ತೋ? ಮನೆಗೆ ಬೆಂಕಿ ಬಿತ್ತಾ?"

"ಬೇಗ ತಣ್ಣಗಾಗ್ಬೇಕು ಇದು. ಮನೇಲಿ ಮಾಡೋರೆಲ್ಲ ಹಾಗೇ ಮಾಡೋದು. ಪುಸ್ತಕದಲ್ಲೂ ಹಾಗೇ ಇದೆ."

"ಇರಬಹುದಪ್ಪ. ಸ್ಕೆಲ್‌ಬ್ರೂಕಲ್ಲಿ ನೀವು ಯಾರೂ ಹೀಗೆ ಓಡಿದ್ದು ನಾನಂತೂ ಕಾಣ್ಲಿಲ್ಲ." ಅವಳು ಕಾಲನ್ನು ನಿಧಾನಕ್ಕೆ ಒಳಗೆಳೆದುಕೊಂಡಳು. "ಕೊನೇ ಹೂವು ಹಾಕಿದ್ದೇ ಕೈ ಒರೆಸ್ಕೊಂಡು ಸೀದಾ ಕ್ಯಾಂಟೀನಿಗೆ ಬಂದು ವಕ್ಕರಿಸ್ತಿದ್ರಿ. ನಿಮ್ಮ ಅಂಗಿಯಿಂದ ಆ ಹೂವಿನ ವಾಸ್ನೆ ಮೆಟ್ಟಿಲಲ್ಲೇ ಬಂದ್ಬಿಡ್ತಿತ್ತು. ಅದು ಬಂತು ಅಂದ್ರೆ ನಾನು ಮೊಟ್ಟೆ ಒಡೀಬೇಕು ಅಂತ ಲೆಕ್ಕ."

ಅವಳು ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದವಳು. ಹೆಡ್ಲಿ ಅವಳನ್ನು ಮೊದಲು ನೋಡಿದ್ದೂ ಅಲ್ಲೇ, ಬೇಕನ್ ಹುರಿಯುವ ಹೊಗೆಯ ನಡುವೆ. ಈ ಮಾತನ್ನು ಅವರು ಎಷ್ಟೋ ಸಲ ಆಡಿ ನಕ್ಕಿದ್ದರು. ಆದರೆ ಇವತ್ತು ಹೆಡ್ಲಿ ಪಾತ್ರೆ ಹಿಡಿದವನು ಹಾಗೇ ನಿಂತುಬಿಟ್ಟ.

"ನಾವು ತಿಂಡಿಗೆ ಬರ್ತಿದ್ವಿ," ಎಂದ.

"ಹೂಂ. ಮುಕ್ಕಾಲು ಗಂಟೆ ಏಳ್ತಾನೇ ಇರ್ಲಿಲ್ಲ."

"ಆಗ ಹಂಡೆ?"

"ನನ್ನ ಕೇಳ್ತೀಯಾ? ಹಂಡೆ ಏನು ಕ್ಯಾಂಟೀನಿಗೆ ಬರ್ತಿತ್ತಾ?"

ಹೆಡ್ಲಿ ಪಾತ್ರೆಯನ್ನು ಮೆಲ್ಲಗೆ ಒಲೆಯ ಮೇಲೇ ಇಟ್ಟ. ಹಂಡೆ ಅಲ್ಲೇ ಇರುತ್ತಿತ್ತು. ಉರಿ ಆರಿಸಿದ ಹಂಡೆಯಲ್ಲಿ, ಸುಡುವ ರಸದಲ್ಲಿ, ಆ ಕೊನೆಯ ಹೂವು ಮುಕ್ಕಾಲು ಗಂಟೆ ಸುಮ್ಮನೆ ಮಲಗಿ ತನ್ನ ಕಹಿಯನ್ನೂ ಪರಿಮಳವನ್ನೂ ಬಿಟ್ಟುಕೊಡುತ್ತಿತ್ತು. ಮೇಲೆ ಕ್ಯಾಂಟೀನಿನಲ್ಲಿ ಇವರು ಹುರಿದ ಬ್ರೆಡ್ಡನ್ನು ಮೊಟ್ಟೆಯ ಹಳದಿಯಲ್ಲಿ ಅದ್ದಿ ತಿನ್ನುತ್ತ ಫುಟ್‌ಬಾಲಿನ ವಿಷಯಕ್ಕೆ ಜಗಳಾಡುತ್ತಿದ್ದರು. ಅದು ಯಾರ ಪಾಕದಲ್ಲೂ ಇರಲಿಲ್ಲ, ಯಾಕೆಂದರೆ ಅದು ಕೆಲಸವಾಗಿರಲಿಲ್ಲ. ಅವನು ಸೇರಿದ ಮರುವರ್ಷ ಮಾಲೀಕರು ಆ ಬಿಡುವನ್ನು ಕಾಲು ಗಂಟೆಗೆ ಇಳಿಸಲು ನೋಡಿದ್ದರು. ಕಾರ್ಖಾನೆಯ ಗಂಡಸರೆಲ್ಲ ಹಿಮ ಬೀಳುವಾಗ ಗೇಟಿನ ಹೊರಗೆ ನಿಂತು ಅದನ್ನು ಉಳಿಸಿಕೊಂಡರು. ಉಳಿಸಿಕೊಂಡದ್ದು ತಮ್ಮ ಬೆನ್ನಿಗೆ ಎಂದುಕೊಂಡಿದ್ದರು, ಬಿಯರಿಗೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಅಯ್ಯೋ ನನ್ನ ತಲೆಗಿಷ್ಟು!" ಎಂದ ಹೆಡ್ಲಿ. "ಎಲ್ಲವನ್ನೂ ಭಾಗಿಸ್ದೆ. ಕೂತದ್ದನ್ನ ಮರೆತೆ."

ಅಷ್ಟರಲ್ಲಿ ಇನ್ನೊಂದು ಭಯ ಹಿಡಿಯಿತು. ಮನೆಯಷ್ಟು ದೊಡ್ಡ ಹಂಡೆ ಮುಕ್ಕಾಲು ಗಂಟೆಯಲ್ಲಿ ಆರುವಂಥದ್ದಲ್ಲ. ಇದು ಬಡಪಾಯಿ ಪಾತ್ರೆ, ನೋಡನೋಡುತ್ತ ಆರಿಹೋಗುತ್ತದೆ. ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ಹಾಸಿಗೆಯ ದಪ್ಪ ಹೊದಿಕೆ ಎಳೆದು ತಂದ. ಪಾತ್ರೆಯ ಮುಚ್ಚಳ ಮುಚ್ಚಿ, ಒಲೆಯಿಂದ ಕೆಳಗಿಳಿಸಿ, ಬಾಣಂತಿಗೆ ಹೊದಿಸುವಂತೆ ಸುತ್ತಲೂ ಸುತ್ತಿದ.

"ಅದು ನನ್ನ ಹೊದಿಕೆ!"

"ಒಗೆದುಕೊಡ್ತೀನಿ."

"ಮೂವತ್ತೈದು ವರ್ಷದಲ್ಲಿ ನನಗೆ ಜ್ವರ ಬಂದಾಗ ಒಂದ್ಸಲನಾದ್ರೂ ಹೀಗೆ ಹೊದಿಸಿದ್ದೀಯಾ ನೀನು?"

ಆಮೇಲೆ ಮಾಡಲು ಏನೂ ಇರಲಿಲ್ಲ. ಹೆಡ್ಲಿ ಕೈ ಒರೆಸಿಕೊಂಡು ಅವಳೆದುರಿಗೆ ಕುರ್ಚಿಯಲ್ಲಿ ಕೂತ. ಕೂತವನ ದೇಹಕ್ಕೆ ಹಳೆಯ ಅಭ್ಯಾಸ ನೆನಪಾಯಿತೋ ಏನೋ, "ಬೇಕನ್ ಇದೆಯಾ?" ಎಂದು ಕೇಳಿದ.

ನೊರೀನ್ ಚಾಕು ಕೆಳಗಿಟ್ಟಳು. "ಇದೆ. ಬಾಣಲೆ ಎಲ್ಲಿದೆ ಅಂತ ನಿನಗೂ ಗೊತ್ತು."

"ಅಲ್ಲ, ನಾನು ಸುಮ್ನೆ..."

"ನೀವು ಕೂತಿದ್ದ ಆ ಮುಕ್ಕಾಲು ಗಂಟೇನೂ ನಾನು ನಿಂತಿದ್ದೆ ಹೆಡ್ಲಿ. ನಿಮಗಿಂತ ಮೊದಲು ನಿಂತು, ನೀವು ಎದ್ದ ಮೇಲೂ ನಿಂತು ತಟ್ಟೆ ತೊಳೀತಿದ್ದೆ. ನಿಮ್ಮ ಸ್ಟ್ರೈಕಿನಲ್ಲಿ ಕ್ಯಾಂಟೀನಿನ ಹೆಂಗಸರ ಹೆಸರೇ ಇರ್ಲಿಲ್ಲ. ನಿಮ್ಮ ಬಿಡುವು ಉಳೀತು, ನಮಗೆ ಒಡೆಯೋ ಮೊಟ್ಟೆನೂ ಅಷ್ಟೇ ಉಳೀತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಹೆಡ್ಲಿಗೆ ಜಗಳಾಡಲು ಬರುತ್ತಿತ್ತು. ದಣಿದವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಷ್ಟು ವರ್ಷ ಅವಳ ಕೈಯಿಂದ ತಟ್ಟೆ ಈಸಿಕೊಂಡಿದ್ದ, ಅವಳಿಗೂ ಕಾಲಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ನಾಚಿಕೆಯಾಯಿತು. ಎದ್ದು ಬಾಣಲೆ ಇಟ್ಟ. ಬೇಕನ್ ಒಂದು ಕಡೆ ಸೀದುಹೋಯಿತು. ನೊರೀನ್ ಸೀದ ಭಾಗವನ್ನು ಚಾಕುವಿನಿಂದ ಕೆರೆದು, ಮಿಕ್ಕದ್ದನ್ನು ಬ್ರೆಡ್ಡಿನ ನಡುವೆ ಇಟ್ಟುಕೊಂಡು ಪೂರ್ತಿ ತಿಂದಳು. ಅವರಿಬ್ಬರ ನಡುವೆ ನೆಲದ ಮೇಲೆ ಪಾತ್ರೆ ಬೆಚ್ಚಗೆ ಕೂತಿತ್ತು.

ಮೂರು ವಾರವಾದ ಮೇಲೆ ಮೊದಲ ಬಾಟಲಿ ತೆರೆದಾಗ ಹೆಡ್ಲಿ ಒಬ್ಬನೇ ಇದ್ದ. ಗುಟುಕು ಇಳಿಯಿತು. ಅವನು ಕಾದ. ಗಂಟಲ ಹಿಂದಿನಿಂದ ಆ ಕಹಿ ಅವಸರವಿಲ್ಲದೆ ಎದ್ದು ಬಂತು. ಅವನಿಗೆ ಖುಷಿಯಾಯಿತು, ಬಹಳ ಖುಷಿಯಾಯಿತು. ಕುಣಿಯಬೇಕೆನ್ನಿಸಲಿಲ್ಲ. ಮಲಗಬೇಕೆನ್ನಿಸಿತು.

ಕುದುರೆಲಾಯದಲ್ಲಿ ಗ್ಯಾರೆತ್ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಕುಡಿದ. ಇನ್ನೊಮ್ಮೆ ಕುಡಿದ. ಅವನ ಅಪ್ಪ ಈ ಊರಿಗೆ ಫುಟ್‌ಬಾಲ್ ನೋಡಲು ಬಂದಾಗಲೆಲ್ಲ ಇವನನ್ನೂ ಕರೆತಂದು, ಪಬ್ಬಿನ ಹೊರಗೆ ಕೂರಿಸಿ, ತನ್ನ ಗ್ಲಾಸಿನಿಂದ ಒಂದು ಗುಟುಕು ಕುಡಿಸುತ್ತಿದ್ದನಂತೆ. "ಇದೇ," ಎಂದ ಗ್ಯಾರೆತ್. ಅವನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಮನುಷ್ಯ ಕೆಟ್ಟವನೇನಲ್ಲ. "ಹೇಗೆ ತಂದ್ರಿ ಇದನ್ನ? ಶೆಫೀಲ್ಡಿನವನು ಮಾಡಿದ್ದು ಹತ್ತಿರಕ್ಕೂ ಬರ್ಲಿಲ್ಲ."

ಹೆಡ್ಲಿ ಹೇಳಿದ. ಮುಚ್ಚಿಡಬಹುದಿತ್ತು. ಮುಚ್ಚಿಟ್ಟುಕೊಳ್ಳುವ ಹುಷಾರಿ ಅವನಿಗೆ ಯಾವತ್ತೂ ಬಂದದ್ದಲ್ಲ.

ಗ್ಯಾರೆತ್ ಜೋರಾಗಿ ನಕ್ಕ. "ಅಂದ್ರೆ ಗುಟ್ಟು ಇದ್ದದ್ದು ತಿಂಡಿ ಬಿಡುವಿನಲ್ಲಾ?"

"ಗುಟ್ಟೇನೂ ಅಲ್ಲ. ಎಲ್ರೂ ಕೂತಿದ್ವಿ, ಅಷ್ಟೆ."

"ಚೆನ್ನಾಗಿದೆ, ಚೆನ್ನಾಗಿದೆ. ಬರೋ ಸೋಮವಾರದಿಂದಲೇ ಬನ್ನಿ." ಗ್ಯಾರೆತ್ ಎದ್ದು ಅವನಿಗೆ ಲಾಯವನ್ನೆಲ್ಲ ತೋರಿಸುತ್ತ ನಡೆದ. ಮೂಲೆಯಲ್ಲಿ ಪೀಪಾಯಿಗಳನ್ನು ಒಂದರ ಮೇಲೊಂದು ಪೇರಿಸಿತ್ತು. "ಒಂದು ವಿಷಯ. ಇಲ್ಲಿ ಇರೋದು ನಾವಿಬ್ರೇ. ಆ ಮುಕ್ಕಾಲು ಗಂಟೇಲಿ ಈ ಪೀಪಾಯಿ ತೊಳೆದ್ಬಿಟ್ರೆ ಮಧ್ಯಾಹ್ನಕ್ಕೆ ಕೆಲಸ ಮುಗೀತದೆ. ಬಿಯರ್ ನಿಂತ್ರೆ ಆಯ್ತಲ್ಲ, ನಾವು ಕೂರಲೇಬೇಕು ಅಂತೇನಿಲ್ಲ. ಅಲ್ವಾ?"

ಅದು ನಿಜವೇ ಆಗಿತ್ತು. ಹಂಡೆಯ ಪಕ್ಕ ಯಾರು ಕೂತರು, ಯಾರು ನಿಂತರು ಎಂಬುದು ಹೂವಿಗೆ ತಿಳಿಯುವುದಿಲ್ಲ. ಆದರೂ ಹೆಡ್ಲಿಯ ನಾಲಿಗೆಯ ತುದಿಗೆ ಒಂದು ಉತ್ತರ ಬಂದಿತ್ತು. ಹಿಮದಲ್ಲಿ ಗೇಟಿನ ಹೊರಗೆ ನಿಂತ ಇಪ್ಪತ್ತೊಂದರ ಹುಡುಗನ ಉತ್ತರ ಅದು. ಆ ಹುಡುಗನಿಗೆ ಸವೆದ ಕೀಲಿನ ಹೆಂಡತಿ ಇರಲಿಲ್ಲ.

"ಅದೂ ಸರೀನೇ," ಎಂದು ಹೆಡ್ಲಿ ಕೈ ಕುಲುಕಿದ.

ಮನೆಯಲ್ಲಿ ನೊರೀನ್ ಸುದ್ದಿ ಕೇಳಿ ಹಳದಿ ಜಾಕೆಟ್ಟನ್ನು ಬಿಚ್ಚಿ, ಮಡಿಸಿ, ಡಿಪೋಗೆ ವಾಪಸು ಕೊಡಲು ಚೀಲದಲ್ಲಿಟ್ಟಳು. ಆಮೇಲೆ ತಿರುಗಿ ನೋಡಿ ಕೇಳಿದಳು, "ಬಿಡುವು ಕೊಡ್ತಾನಾ ಅವನು?"

"ಕೊಡ್ತಾನೆ."

"ಎಷ್ಟು?"

"ಮೊದಲಿನಷ್ಟೇ. ಅದಿಲ್ದಿದ್ರೆ ಬಿಯರೇ ಆಗಲ್ಲ ಅಂತ ಹೇಳ್ದೆ."

"ಅಬ್ಬ, ಮಾತು ಬಂತಲ್ಲ ನಿನಗೆ," ಎಂದು ಅವಳು ಅವನ ಬೆನ್ನ ಮೇಲೊಂದು ಗುದ್ದು ಕೊಟ್ಟಳು. ಬಹಳ ದಿನಗಳ ಮೇಲೆ ನಕ್ಕಿದ್ದಳು.

ಸೋಮವಾರ ಹೆಡ್ಲಿ ಕೊನೆಯ ಹೂವು ಹಾಕಿ, ಉರಿ ಆರಿಸಿ, ಹಂಡೆಯ ಮುಚ್ಚಳ ಹಾಕಿದ. ಕೈ ಒರೆಸಿಕೊಳ್ಳಲಿಲ್ಲ. ಹೋಗಿ ಪೀಪಾಯಿಗಳ ಮುಂದೆ ನಿಂತ. ಒಂದೊಂದನ್ನೂ ಉರುಳಿಸಿ, ಬಗ್ಗಿ, ಬಿಸಿನೀರಿನ ಕೊಳವೆ ಒಳಗೆ ಬಿಟ್ಟು, ಅಲ್ಲಾಡಿಸಿ, ಕವುಚಿ ಹಾಕಬೇಕು. ಅವನ ಹಿಂದೆ ಹಂಡೆ ಸದ್ದಿಲ್ಲದೆ ನಿಂತಿತ್ತು. ನಾಲ್ಕನೇ ಪೀಪಾಯಿಯ ಹೊತ್ತಿಗೆ ಅವನಿಗೆ ಚಹಾ ಬೇಕೆನ್ನಿಸಿತು, ಎಂಟನೆಯದರ ಹೊತ್ತಿಗೆ ಬೇರೇನೂ ಬೇಡವೆನ್ನಿಸಿತು. ಗ್ಯಾರೆತ್ ಫೋನಿನಲ್ಲಿ ಯಾವುದೋ ಪಬ್ಬಿನವನ ಜೊತೆ ಮಾತಾಡುತ್ತ, ನಡುನಡುವೆ ಇವನ ಕಡೆ ನೋಡಿ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ.

ಮಧ್ಯಾಹ್ನ ದಿಣ್ಣೆ ಹತ್ತಿ ಮನೆಗೆ ಬಂದವನ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇದ್ದದ್ದು ಚಹಾ ಒಂದೇ. ಹಿತ್ತಿಲ ಬಾಗಿಲು ತೆರೆದ.

ನೊರೀನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆಹೋಗಿದ್ದಳು. ಬೂಟು ಹಾಕಿಕೊಂಡಿದ್ದಳು, ಲೇಸು ಬಿಗಿದಿತ್ತು. ಕೈಚೀಲ ಮಡಿಲಲ್ಲಿತ್ತು. ಇವನು ಹೊರಟ ಮೇಲೆ ದಿನದ ಅಭ್ಯಾಸಕ್ಕೆ ಎಚ್ಚರವಾಗಿ, ಎದ್ದು ತಯಾರಾಗಿ, ಬಾಗಿಲ ತನಕ ಹೋಗಿ, ಕೆಲಸ ಬಿಟ್ಟದ್ದು ನೆನಪಾಗಿ ಬಂದು ಕೂತಿರಬೇಕು. ಬಾಯಿ ಒಂದಿಷ್ಟು ತೆರೆದಿತ್ತು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಹೆಡ್ಲಿ ಎಂದೂ ಕಂಡವನಲ್ಲ.

ಅವನು ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟ. ಗ್ಯಾಸಿನ ತಿರುಪಿನ ಮೇಲೆ ಕೈಯಿಟ್ಟವನಿಗೆ ಆ ಕೆಟಲು ಕುದಿದಾಗ ಹಾಕುವ ಸೀಟಿ ಮನಸ್ಸಿಗೆ ಬಂತು. ಕೈ ತೆಗೆದ. ಎದುರಿನ ಕುರ್ಚಿ ನೋಡಿದ. ಅದನ್ನು ಎಳೆದರೆ ಕಲ್ಲುನೆಲದ ಮೇಲೆ ಕರಕರ ಎನ್ನುತ್ತದೆ. ನಲ್ಲಿಯನ್ನು ಸಣ್ಣಗೆ ತಿರುಗಿಸಿ ಒಂದು ಲೋಟ ತಣ್ಣೀರು ಹಿಡಿದುಕೊಂಡು, ಸಿಂಕಿಗೆ ಒರಗಿ, ಅವಳನ್ನೇ ನೋಡುತ್ತ ನಿಂತು ಕುಡಿದ.